ವಯಸ್ಸಿಗೆ ತಕ್ಕ ಬೆಂಚು

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಒಂದು ಎಸ್‌ಡಿಎಂಸಿ ಇದೆ. ಶಾಲೆಯ ಮೇಲೆ ಕಣ್ಣಿಡಲು ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ಮಾಡಿಕೊಳ್ಳುವ ಸಮಿತಿ ಅದು. ಹಾಗಿರಬೇಕೆಂದು ಕಾನೂನೇ ಹೇಳುತ್ತದೆ. ನಾನೂ ಅದರ ಸದಸ್ಯ. ಹಿಂದೆಲ್ಲ ಸಭೆಗೆ ಹೋಗಿ, ಬಿಸ್ಕತ್ತು ತಿಂದು, ಟೀ ಕುಡಿದು, ಮೇಷ್ಟ್ರು ತೋರಿಸಿದ ಕಡೆ ಸಹಿ ಹಾಕಿ ಬರುವುದಷ್ಟೇ ನಮ್ಮ ಕೆಲಸವಾಗಿತ್ತು. ಸಿದ್ದಮ್ಮ ಅಧ್ಯಕ್ಷೆಯಾದ ಮೇಲೆ ಬಿಸ್ಕತ್ತು ಹಾಗೇ ಉಳಿಯತೊಡಗಿತು, ನಮ್ಮ ನೆಮ್ಮದಿ ಮಾತ್ರ ಹೋಯಿತು.

ಸಿದ್ದಮ್ಮನಿಗೆ ನಲವತ್ತೈದರ ಆಸುಪಾಸು. ಹುಟ್ಟಿದ್ದು ದಂಡಿನಶಿವರ, ಕೊಟ್ಟಿದ್ದು ಕೆ.ಬಿ. ಕ್ರಾಸಿನ ಒಳಗಿರುವ ನಮ್ಮೂರಿಗೆ. ಕಿರಿಮಗಳು ಪವಿತ್ರಾ ಏಳನೇ ಕ್ಲಾಸಿನಲ್ಲಿ ಓದುತ್ತಿರುವುದರಿಂದ ಸಮಿತಿಗೆ ಬಂದವಳು, ಬೇರೆ ಯಾರೂ ಮುಂದೆ ಬಾರದ್ದರಿಂದ ಅಧ್ಯಕ್ಷೆಯಾದಳು. ಬಂದ ತಿಂಗಳೇ ಶೌಚಾಲಯಕ್ಕೆ ನೀರು ಬರಿಸಿದಳು. ಬಿಸಿಯೂಟದ ಬೇಳೆ ತಾನೇ ತಿಂದು ನೋಡಿ, ಚೆನ್ನಾಗಿಲ್ಲ ಎನಿಸಿದ ದಿನ ಅಡುಗೆಯವರಿಗೂ ಹೇಳಿದಳು, ಬೇಳೆ ಕಳಿಸಿದವರಿಗೂ ಫೋನ್ ಮಾಡಿ ಹೇಳಿದಳು. ಹೆಡ್‌ಮೇಷ್ಟ್ರು ಶಂಭುಲಿಂಗಯ್ಯನವರು ಸಾಧು ಮನುಷ್ಯರು. ಅಧ್ಯಕ್ಷೆ ಗೇಟು ದಾಟಿದಳೆಂದರೆ ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಅವಳ ಜೀವನ ನಡೆಯುವುದು ಕೊಬ್ಬರಿಯಲ್ಲಿ. ಹೆಂಗಸರದೊಂದು ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸಿಕೊಡುತ್ತಾಳೆ. ನಮ್ಮ ಕಡೆಯ ಕ್ರಮ ಗೊತ್ತಲ್ಲ, ಕಿತ್ತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಅಲುಗಾಡಿದಾಗಲೇ ಇಳಿಸಬೇಕು. ಅವಸರಪಟ್ಟು ಒಡೆದರೆ ಚಿಪ್ಪಿಗೆ ಅಂಟಿ ಚೂರಾಗುತ್ತದೆ, ಆಮೇಲೆ ಮಂಡಿಯಲ್ಲಿ ಅದನ್ನು ಮೂಸಿಯೂ ನೋಡುವುದಿಲ್ಲ. ಸಿದ್ದಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಆಯಿತು ಎಂದರೆ ಆಯಿತು, ಇಲ್ಲ ಎಂದರೆ ಇಲ್ಲ. ಅವಳ ಮಾತಿನ ಮೇಲೆ ದೊಡ್ಡ ದೊಡ್ಡ ತೋಟದವರೂ ಮತ್ತೆ ಎರಡು ತಿಂಗಳು ಕಾದದ್ದುಂಟು. ಅಂಥವಳಿಗೆ ತನ್ನ ಅಂದಾಜಿನ ಮೇಲೆ ನಂಬಿಕೆ ಬೆಳೆದಿದ್ದರೆ ಆಶ್ಚರ್ಯವೇನೂ ಇಲ್ಲ, ಆದರೆ ಅವಳದು ಸ್ವಲ್ಪ ಜಾಸ್ತಿಯೇ ಬೆಳೆದಿತ್ತು.

ಭಾನುಪ್ರಿಯಾಳನ್ನು ಕಂಡುಹಿಡಿದವಳೂ ಅವಳೇ. ಊರಾಚೆ ತೆಂಗಿನ ಮಟ್ಟೆಯಿಂದ ನಾರು ತೆಗೆಯುವ ಒಂದು ಕಾರ್ಖಾನೆಯಿದೆ. ಪಾವಗಡದ ಕಡೆಯಿಂದ ಬಂದ ತಿಮ್ಮೇಶ್ ಮತ್ತು ಅವನ ಹೆಂಡತಿ ಅಲ್ಲೇ ಶೆಡ್ಡಿನಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದರು. ಅದಕ್ಕೂ ಮುಂಚೆ ಇನ್ನೊಂದು ಕಡೆ, ಅದಕ್ಕೂ ಮುಂಚೆ ಮತ್ತೊಂದು ಕಡೆ. ಹೀಗೆ ಅಲೆದಾಟದಲ್ಲಿ ಮಗಳು ಭಾನುಪ್ರಿಯಾಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿದ್ದರೂ ಶಾಲೆಯ ಹೊಸ್ತಿಲು ತುಳಿದಿರಲಿಲ್ಲ. ಮೂರು ವರ್ಷದ ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ನಾರಿನ ರಾಶಿಗಳ ನಡುವೆ ಓಡಾಡಿಕೊಂಡಿದ್ದಳು.

ಸಿದ್ದಮ್ಮ ನೋಡಿದ್ದೇ ತಡ, ತಿಮ್ಮೇಶನನ್ನು ಹಿಡಿದು ನಿಲ್ಲಿಸಿದಳು. ಅವನು ಹುಟ್ಟಿದ ತಾರೀಖಿನ ಪತ್ರವಿಲ್ಲ ಎಂದ, ಟಿ.ಸಿ. ಇಲ್ಲ ಎಂದ, ಶಾಲೆ ಶುರುವಾಗಿ ತಿಂಗಳಾಯಿತು ಎಂದ. ಇದ್ಯಾವುದಕ್ಕೂ ಶಾಲೆಯವರು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ ಎಂದು ಸಮಿತಿಯ ತರಬೇತಿಯಲ್ಲಿ ಅವಳು ಕೇಳಿಸಿಕೊಂಡಿದ್ದಳು. ಮಾರನೆಯ ದಿನವೇ ಹುಡುಗಿಯ ತಲೆ ಬಾಚಿ, ಪವಿತ್ರಾಳ ಹಳೆಯ ಸಮವಸ್ತ್ರ ಹಾಕಿಸಿ, ಕೈಹಿಡಿದು ಕರೆತಂದಳು. ಅಂಗನವಾಡಿ ಪಕ್ಕದಲ್ಲೇ ಇದ್ದುದರಿಂದ ತಮ್ಮನನ್ನು ಅಲ್ಲಿಗೆ ಸೇರಿಸಿದ್ದಾಯಿತು. ಆ ದಿನ ಸಿದ್ದಮ್ಮ ನಡೆದ ನಡಿಗೆ ನೋಡಬೇಕಿತ್ತು, ರಸ್ತೆಯೇ ಅವಳದ್ದಾಗಿತ್ತು.

ಎಡವಟ್ಟಾದದ್ದು ಅದಾದ ಮೇಲೆ. ಹುಡುಗಿಯನ್ನು ಯಾವ ಕ್ಲಾಸಿಗೆ ಹಾಕುವುದು ಎಂಬ ಮಾತು ಬಂತು. ಪದ್ಮಶ್ರೀ ಎಂಬ ಹೊಸ ಟೀಚರು ಐದನೇ ಕ್ಲಾಸಿಗೆ ಎಂದರು. ಸಿದ್ದಮ್ಮ ಹುಡುಗಿಗೆ ಗೋಡೆಯ ಮೇಲಿನ ಅಕ್ಷರ ತೋರಿಸಿ ಓದು ಎಂದಳು. ಹುಡುಗಿ ನೆಲ ನೋಡಿದಳು. ಪೆನ್ಸಿಲ್ ಕೊಟ್ಟರೆ ಅದನ್ನು ಹೇಗೆ ಹಿಡಿಯುವುದೆಂದೂ ತಿಳಿಯಲಿಲ್ಲ. ಅಧ್ಯಕ್ಷೆಯ ತೀರ್ಮಾನ ಅಲ್ಲೇ ಆಗಿಹೋಯಿತು.

"ಒಣಗ್ದೇ ಇರೋ ಕಾಯ್ನ ಅಟ್ಟದಿಂದ ಇಳಿಸ್ಬಾರ್ದು ಕಣ್ರೀ ಮಿಸ್ಸು. ಒಂದ್ನೇ ಕ್ಲಾಸಿಂದ್ಲೇ ಬರ್ಲಿ" ಎಂದಳು.

ಪದ್ಮಶ್ರೀ ಬಿಡಲಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಎಂದು ಸಂವಿಧಾನದ ಇಪ್ಪತ್ತೊಂದು-ಎ ವಿಧಿ ಹೇಳುತ್ತದೆ, ಶಾಲೆ ತಪ್ಪಿಸಿಕೊಂಡ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕೆಂದು ಆರ್‌ಟಿಇ ಕಾಯ್ದೆ ಹೇಳುತ್ತದೆ, ಹಿಂದುಳಿದದ್ದನ್ನು ಕಲಿಸಲು ಬೇರೆ ಪಾಠ ಮಾಡಬೇಕಾದವರು ನಾವು ಎಂದು ವಿವರಿಸಿದರು. ಕಾನೂನು ಮಾಡಿದವರು ಕೊಬ್ಬರಿ ಒಡೆದಿಲ್ಲ, ಅದಕ್ಕೇ ಹಾಗೆ ಬರೆದಿದ್ದಾರೆ ಎಂದು ಸಿದ್ದಮ್ಮ ತಳ್ಳಿಹಾಕಿದಳು. ನಮಗೆಲ್ಲ ಆ ಮಾತು ಸರಿಯಾಗಿಯೇ ಕಂಡಿತು. ಅಟ್ಟದ ಕೆಳಗೆ ಹುಟ್ಟಿ ಬೆಳೆದ ಜನ ನಾವು, ತಳದಿಂದ ಬಾರದ್ದು ನಿಲ್ಲುವುದಿಲ್ಲ ಎಂಬುದು ನಮ್ಮ ರಕ್ತದಲ್ಲೇ ಇದೆ. ಶಂಭುಲಿಂಗಯ್ಯನವರಿಗೆ ಕಾಯ್ದೆ ಗೊತ್ತಿತ್ತು, ಸಿದ್ದಮ್ಮನೂ ಗೊತ್ತಿತ್ತು. ಎರಡರಲ್ಲಿ ಹತ್ತಿರವಿದ್ದವಳಿಗೆ ಹೆದರಿದರು.

ಒಂದರಿಂದ ಮೂರರವರೆಗಿನ ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಚಾಪೆ ಹಾಸಿ, ಮಧ್ಯೆ ಮೊಣಕಾಲೆತ್ತರದ ದುಂಡು ಮೇಜು. ಅದರ ಕೆಳಗೆ ಭಾನುಪ್ರಿಯಾಳ ಕಾಲು ತೂರುತ್ತಿರಲಿಲ್ಲ, ಪಕ್ಕಕ್ಕೆ ಮಡಚಿಕೊಂಡು ಕೂರುತ್ತಿದ್ದಳು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗಲೂ ಅಷ್ಟೇ, ಒಂದನೇ ಕ್ಲಾಸಿನ ಸಾಲಿನಲ್ಲಿ ಅವಳೊಬ್ಬಳೇ ಎದ್ದು ಕಾಣುತ್ತಿದ್ದಳು. ಈಗ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರಲ್ಲ, ಮಕ್ಕಳು ಒಕ್ಕೊರಲಿನಲ್ಲಿ "ಸ್ಥಾನಮಾನ ಮತ್ತು ಅವಕಾಶಗಳ ಸಮಾನತೆ" ಎನ್ನುವಾಗ ಈ ಹುಡುಗಿ ತನ್ನ ಎತ್ತರ ಕಡಿಮೆ ಮಾಡಿಕೊಳ್ಳಲು ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದಳು. ನನಗೆ ಅದನ್ನು ತೋರಿಸಿದ್ದು ಪದ್ಮಶ್ರೀ ಟೀಚರು. ತೋರಿಸುವಾಗ ಅವರ ಕಣ್ಣಲ್ಲಿ ನೀರಿತ್ತು, ನನಗೂ ಸಂಕಟವಾಯಿತು. ಸಿದ್ದಮ್ಮನಿಗೆ ಹೇಳಿದರೆ, ಅಭ್ಯಾಸವಾಗುತ್ತದೆ ಬಿಡಿ ಎಂದಳು.

ಅಭ್ಯಾಸವಾಗಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಬರುವುದು ನಿಂತಿತು. ಅಂಗನವಾಡಿಯಿಂದ ತಮ್ಮನನ್ನೂ ಕರೆದುಕೊಂಡು ಹೋಗಿದ್ದಳು. ಸಿದ್ದಮ್ಮ ಕೆಂಡವಾದಳು. ತಿಮ್ಮೇಶನೇ ಬಿಡಿಸಿದ್ದಾನೆ, ಅವನಿಗೆ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಜೊತೆಗೊಬ್ಬರು ಇರಲಿ ಎಂದು ನಾನೂ ಹೋದೆ.

ತಿಮ್ಮೇಶ್ ಪಾಪ, ಕೈಮುಗಿದ. ತಾನು ಬಿಡಿಸಿಲ್ಲ, ಹೋಗೆಂದು ಬೈದರೂ ಅವಳೇ ಹೋಗುತ್ತಿಲ್ಲ ಎಂದ. ಹುಡುಗಿ ನಾರಿನ ರಾಶಿಯ ಹಿಂದೆ ತಮ್ಮನನ್ನು ಆಡಿಸುತ್ತಿದ್ದಳು. ಸಿದ್ದಮ್ಮ ಹತ್ತಿರ ಕೂತು ಯಾರು ಏನು ಅಂದರು, ಯಾರು ಹೊಡೆದರು ಎಂದು ಕೇಳಿದಳು. ಯಾರೂ ಹೊಡೆದಿರಲಿಲ್ಲ. ತಮ್ಮನ ತಲೆಗೆ ಅಂಟಿದ್ದ ನಾರು ಬಿಡಿಸುತ್ತಾ ಹುಡುಗಿ ಬಾಯಿ ಬಿಟ್ಟಳು.

"ಅಲ್ಲಿ ನಾನೇನ್ ಕಲೀಲಿ ಅಕ್ಕ. ಅಳೋ ಮಗೀನ ಎತ್ಕೋ ಅಂತಾರೆ, ಮೂಗ್ ಒರ್ಸು ಅಂತಾರೆ, ಚಡ್ಡಿ ಹಾಕು ಅಂತಾರೆ. ಇಲ್ಲಿ ಒಬ್ಬನ್ನ ನೋಡ್ಕಂಡ್ರೆ ಸಾಕು. ಅಲ್ಲಿ ಅಷ್ಟೂ ಜನಾನೂ ನಾನೇ ನೋಡ್ಕಬೇಕು."

ನಲಿ-ಕಲಿ ಟೀಚರು ಕೆಟ್ಟವರೇನಲ್ಲ. ಒಬ್ಬರೇ ಮೂರು ಕ್ಲಾಸು ನೋಡಬೇಕು, ಕೋಣೆಯಲ್ಲಿ ಒಂದು ದೊಡ್ಡ ಹುಡುಗಿ ಸುಮ್ಮನೆ ಕೂತಿದ್ದಾಳೆ, ಕೈಗೆ ಸಿಕ್ಕಿದಳು. ಸಿದ್ದಮ್ಮ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ಎದ್ದಳು. ವಾಪಸ್ ಬರುವಾಗ ತಾನಾಗಿಯೇ ಹೇಳಿದಳು. ದಂಡಿನಶಿವರದಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳ ತಾಯಿಗೆ ಇನ್ನೊಂದು ಕೂಸು ಹುಟ್ಟಿತಂತೆ. ಅದನ್ನು ಎತ್ತಿಕೊಳ್ಳಲು ಇವಳನ್ನು ಶಾಲೆ ಬಿಡಿಸಿದರಂತೆ. ಆಗ ಯಾವ ಹಕ್ಕೂ ಇರಲಿಲ್ಲ. ಸಂವಿಧಾನ ಜಾರಿಯಾದ ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದು ಅದನ್ನು ಬರೆದವರೇನೋ ಹೇಳಿಟ್ಟಿದ್ದರು. ಆ ಮಾತು ಹಕ್ಕಾಗಿ ಕೈಗೆ ಸಿಗುವ ಹೊತ್ತಿಗೆ ಅರ್ಧ ಶತಮಾನ ದಾಟಿತ್ತು, ಸಿದ್ದಮ್ಮನಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಸಭೆ ಕರೆದಳು. ಇದ್ದಬದ್ದವರೆಲ್ಲ ಬಂದೆವು, ಏನೋ ಗಲಾಟೆ ಕಾದಿದೆ ಎಂದು. ಸಿದ್ದಮ್ಮ ಕೂರಲೂ ಇಲ್ಲ.

"ತಪ್ಪು ನಂದು. ಮಗೀನ ಕಾಯಿ ಅನ್ಕಂಡ್‌ಬುಟ್ಟೆ. ಮಿಸ್ಸು ಹೇಳ್ದಂಗೆ ಐದುಕ್ಕೆ ಹಾಕಿ" ಎಂದಳು.

ಸುತ್ತಿ ಬಳಸಿ ಹೇಳುವುದು ಅವಳ ಜಾಯಮಾನವಲ್ಲ, ತಪ್ಪನ್ನು ಒಪ್ಪಿಕೊಳ್ಳುವಾಗಲೂ ಆಜ್ಞೆ ಮಾಡಿದಂತೆಯೇ ಇತ್ತು. ಪದ್ಮಶ್ರೀ ಟೀಚರು ಬೆಲ್ಲಿಗೆ ಮುಂಚೆ ಒಂದು ಹೊತ್ತು, ಮಧ್ಯಾಹ್ನ ಊಟವಾದ ಮೇಲೆ ಒಂದು ಹೊತ್ತು ಬೇರೆ ಪಾಠ ಮಾಡಲು ಒಪ್ಪಿಕೊಂಡರು.

ತಕರಾರು ತೆಗೆದವನು ಮರುಳಪ್ಪ. ಅವನ ಮಗ ಐದನೇ ಕ್ಲಾಸು. ತನ್ನ ಮಗ ಒಂದೊಂದೇ ಕ್ಲಾಸು ಹತ್ತಿ ಬಂದಿದ್ದಾನೆ, ಅ ಆ ಬರದ ಹುಡುಗಿ ಬಂದು ನೇರವಾಗಿ ಪಕ್ಕದಲ್ಲಿ ಕೂತರೆ ಅದು ಯಾವ ನ್ಯಾಯ, ಅವಳಿಗಾಗಿ ಪಾಠ ನಿಧಾನವಾದರೆ ಯಾರು ಹೊಣೆ ಎಂದ. ಅವನ ಮಾತಿಗೆ ಕೆಲವರು ತಲೆಯಾಡಿಸಿದರು. ನ್ಯಾಯವಾದ ಪ್ರಶ್ನೆಯೇ, ಕೇಳಬಾರದ್ದೇನಲ್ಲ.

"ನಿನ್ ಮಗನ ಪಾಲಲ್ಲಿ ಅರ್ಧ ಕಿತ್ತು ಅವಳ್ಗೆ ಕೊಡ್ತಾ ಇಲ್ಲ ಕಣಪ್ಪ. ಅವಳ್ ಪಾಲು ಅವಳ್ಗೆ ಬೇರೇನೇ ಐತೆ. ಇಷ್ಟ್ ದಿನ ಅದನ್ನ ನಾವ್ ಕೊಟ್ಟಿರ್ಲಿಲ್ಲ, ಅಷ್ಟೇಯ" ಎಂದಳು ಸಿದ್ದಮ್ಮ.

ಮರುಳಪ್ಪ ಒಪ್ಪಿದನೆಂದೇನೂ ಅಲ್ಲ, ಆದರೂ ಎಲ್ಲರ ಜೊತೆ ಸಹಿ ಹಾಕಿದ. ಭಾನುಪ್ರಿಯಾಳನ್ನು ಮತ್ತೆ ಕರೆತರುವುದು ಮೊದಲ ಸಲದಷ್ಟು ಸುಲಭವಾಗಲಿಲ್ಲ. ದೊಡ್ಡವರ ಮಾತಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಐದನೇ ಕ್ಲಾಸಿನ ಕೋಣೆಗೆ ಕರೆದೊಯ್ದು, ಅವಳ ಓರಗೆಯ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂರಿಸಿ, ಇದು ನಿನ್ನದೇ ಜಾಗ ಎಂದು ಸಿದ್ದಮ್ಮ ಹೇಳಿದ ಮೇಲೂ, ಎಬ್ಬಿಸುತ್ತಾರೇನೋ ಎಂಬಂತೆ ಬೆಂಚಿನ ತುದಿಯಲ್ಲೇ ಕೂತಿದ್ದಳು. ತಮ್ಮ ಮತ್ತೆ ಅಂಗನವಾಡಿಗೆ ಹೋದ.

ಕಷ್ಟವೇನೂ ಕಡಿಮೆಯಿರಲಿಲ್ಲ. ಮೊದಮೊದಲು ಕಪ್ಪು ಹಲಗೆಯ ಮೇಲಿನದ್ದು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಪಕ್ಕದ ಹುಡುಗಿಯರು ತೋರಿಸಿಕೊಡುತ್ತಿದ್ದರು, ಪವಿತ್ರಾ ಸಂಜೆ ಓದಿಸುತ್ತಿದ್ದಳು. ಪದ್ಮಶ್ರೀ ಟೀಚರು ಅಕ್ಷರದಿಂದ ಹಿಡಿದು ಕೂಡಿಸುವುದು, ಕಳೆಯುವುದರವರೆಗೆ ಬೆನ್ನು ಹತ್ತಿದರು. ತರಲೆಗೂ ಒಬ್ಬರು ಬೇಕಲ್ಲ, ಮರುಳಪ್ಪನ ಮಗ ಸಿಕ್ಕಿದ. ದಸರಾ ರಜೆಯ ಹೊತ್ತಿಗೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಕ್ಲಾಸಿನಲ್ಲಿ ಮಾತು ಜಾಸ್ತಿಯಾಯಿತೆಂದು ಬೈಸಿಕೊಳ್ಳತೊಡಗಿದಳು. ಬೆಂಚಿನ ತುದಿ ಬಿಟ್ಟು ನಡುವಿಗೆ ಬಂದಿದ್ದಳು.

ಫೆಬ್ರವರಿಯ ಸಭೆಯಲ್ಲಿ ಶಂಭುಲಿಂಗಯ್ಯನವರು ಕೊನೆಗೊಂದು ದೂರು ಹೇಳಿದರು. ಹೇಳಲೋ ಬೇಡವೋ ಎಂದು ಅಳೆದು ಸುರಿದು ಹೇಳಿದರು. ಹಿಂದಿನ ದಿನ ನಲಿ-ಕಲಿ ಕೋಣೆಯಲ್ಲಿ ಒಂದು ಮಗು ಬಿದ್ದು ರಚ್ಚೆ ಹಿಡಿಯಿತಂತೆ. ಅಲ್ಲಿನ ಟೀಚರು ಬಾಗಿಲಿಗೆ ಬಂದು, ಭಾನು, ಒಂದ್ನಿಮಿಷ ಬಾರಮ್ಮ, ಇವನನ್ನ ಎತ್ಕೋ ಎಂದು ಕೂಗಿದರಂತೆ. ಹುಡುಗಿ ಏಳಲಿಲ್ಲವಂತೆ. ಇನ್ನೊಂದು ಸಲ ಕೂಗಿದರೂ ಏಳಲಿಲ್ಲವಂತೆ. ಹಿರಿಯರಿಗೆ ಎದುರು ಮಾತಾಡುವುದು ಕಲಿತರೆ ಹೇಗೆ ಎಂಬುದು ಅವರ ಚಿಂತೆ.

ಏನಂದಳು ಎಂದು ಸಿದ್ದಮ್ಮ ಕೇಳಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹುಡುಗಿ ಆಡಿದ ಹಾಗೆಯೇ ಹೇಳಿದರು.

"ನಂಗ್ ಪಾಠ ಐತೆ ಮಿಸ್."

ಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೆಂದೇ ನಾವೆಲ್ಲ ತಿಳಿದೆವು. ನಗುವೇನೋ ಇತ್ತು, ಆದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೆರಗು ಸರಿಸಿ, ಅವಳು ಆಡಿದ್ದನ್ನು ಇನ್ನೊಂದು ಸಲ ಹೇಳಿ ಮೇಷ್ಟ್ರೇ ಎಂದಳು.