ಬಸ್ಸಿನಲ್ಲಿ ಆರಿಸಿದ ನೆಲನೆಲ್ಲಿ

ಕೈಲಾಂಚದ ಯಲ್ಲಮ್ಮನಿಗೆ ಆಗ ಐವತ್ತೆರಡು. ಹಿಪ್ಪುನೇರಳೆ ತೋಟದಲ್ಲಿ ದುಡಿದು ಪಳಗಿದ ಅವಳ ಕೈ ಕಣ್ಣು ಮುಚ್ಚಿದ್ದರೂ ಗಿಡದ ಗುರುತು ಹಿಡಿಯುತ್ತಿತ್ತು.

2005ರ ಮಳೆಗಾಲದ ಒಂದು ಬೆಳಿಗ್ಗೆ ರಾಮನಗರದ ಬಸ್ಸಿನಲ್ಲಿ ಅವಳ ಪಕ್ಕ ಒಬ್ಬ ಹುಡುಗಿ ಬಂದು ಕೂತಳು. ಹೆಸರು ನಯನಾ; ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಓದುತ್ತಿದ್ದಳು. ತೊಡೆಯ ಮೇಲೆ ಒಣಸೊಪ್ಪಿನ ಚೀಲ, ಮುಖದಲ್ಲಿ ಇನ್ನೇನು ಅಳು.

"ಯಾಕವ್ವ ಹಿಂಗಿದ್ದೀಯ?" ಅಂದಳು ಯಲ್ಲಮ್ಮ.

"ನೆಲನೆಲ್ಲಿ ಕಣಮ್ಮ. ಜ್ವರದ ಮಾತ್ರೆ ಜಾಸ್ತಿ ನುಂಗಿದ್ರೆ ಲಿವರ್ ಕೆಡುತ್ತಲ್ಲ, ಅದನ್ನ ಈ ಸೊಪ್ಪಿನ ಸಾರ ತಡೆಯುತ್ತಾ ಅಂತ ಇಲಿಗಳಿಗೆ ಕೊಟ್ಟು ನೋಡ್ತಿದೀನಿ. ಒಂದ್ಸಲ ತಡೆಯುತ್ತೆ, ಇನ್ನೊಂದ್ಸಲ ಏನೂ ಆಗಲ್ಲ."

ಯಲ್ಲಮ್ಮ ಚೀಲಕ್ಕೆ ಕೈ ಹಾಕಿದಳು. ಒಂದು ಹಿಡಿ ತೆಗೆದು ನೋಡಿ ನಗಲು ಶುರುಮಾಡಿದವಳು ಎರಡು ಸ್ಟಾಪು ದಾಟಿದರೂ ನಿಲ್ಲಿಸಲಿಲ್ಲ.

"ಅಂಗಡೀಲಿ ತಂದೆಯಾ? ಇದ್ರಲ್ಲಿ ಮೂರು ತರದ್ದು ಐತೆ ಕಣವ್ವ! ಇದು ನೆಲನೆಲ್ಲಿ. ಇದು ಕೆಂಪಂದು, ಬ್ಯಾರೆ ಜಾತಿ. ಇದಂತೂ ನಮ್ ಎಮ್ಮೇನೂ ಮೂಸಲ್ಲ!"

ಅಲ್ಲೇ ಆರಿಸತೊಡಗಿದರು. ಬಿಡದಿ ಕಡೆಯ ಫ್ಯಾಕ್ಟರಿಗೆ ಹೊರಟಿದ್ದ ಯೂನಿಫಾರಂ ಹುಡುಗಿಯರು ಹಿಂದಿನ ಸೀಟಿನಿಂದ ಕೈ ಚಾಚಿದರು. ಒಂದೊಂದು ಹಿಡಿ ಎಲ್ಲರ ಮಡಿಲಿಗೂ ಹೋಯಿತು.

"ಏಯ್, ಬಸ್ಸೇನು ನಿಮ್ ಮನೆ ಜಗಲಿಯಾ?" ಎಂದು ಕಂಡಕ್ಟರ್ ಗಂಗಹನುಮಯ್ಯ ರೇಗಿದ.

"ನೀನೂ ಒಸಿ ಆರ್ಸು ಬಾರಪ್ಪ" ಎಂದಳು ಯಲ್ಲಮ್ಮ.

ರಾಮನಗರ ಮುಟ್ಟುವ ಹೊತ್ತಿಗೆ ಗಂಗಹನುಮಯ್ಯ ಟಿಕೆಟ್ ಮರೆತು, ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿದು, "ಯಲ್ಲಕ್ಕ, ಇದು ಕೆಂಪಂದಾ?" ಎಂದು ಕೇಳುತ್ತಿದ್ದ. ಚೀಲದಲ್ಲಿ ಅಸಲಿ ನೆಲನೆಲ್ಲಿ ಅಂತ ಉಳಿದದ್ದು ಮೂರೇ ಹಿಡಿ.

ಮುಂದಿನ ಭಾನುವಾರ ಯಲ್ಲಮ್ಮ ತನ್ನ ತೋಟದಿಂದಲೇ ಒಂದು ಮೂಟೆ ಅಸಲಿ ನೆಲನೆಲ್ಲಿ ಕಿತ್ತುಕೊಟ್ಟಳು. ನಯನಾ ಅದನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸಾರ ತೆಗೆದು ಮತ್ತೆ ಇಲಿಗಳಿಗೆ ಕೊಡಲು ಶುರುಮಾಡಿದಳು. ಒಂದು ದಿನ ಯಲ್ಲಮ್ಮ ನೋಡಲು ಕಾಲೇಜಿಗೆ ಹೋದಳು. ಬೆಳ್ಳನೆಯ ಇಲಿಗಳನ್ನು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಾತ್ರೆ ಕೊಟ್ಟು ಕಾಯಿಲೆ ತರ್ಸೋರೂ ನೀವೇ, ಸೊಪ್ಪು ಕುಡ್ಸೋರೂ ನೀವೇ! ಪಾಪ, ಇವೇನ್ ಮಾಡಿದ್ವು ನಿಮ್ಗೆ?"

ನಯನಾ ಬಾಗಿ ಇಲಿಗಳ ನೀರಿನ ಬಾಟಲಿ ತುಂಬಿಸಿದಳು.

ತಿಂಗಳ ಮೇಲೆ ರಕ್ತಪರೀಕ್ಷೆಯ ಫಲ ಬಂತು. ಬರೀ ಮಾತ್ರೆ ತಿಂದ ಇಲಿಗಳ ಲಿವರ್ ಕೆಟ್ಟು ಅಂಕಿಗಳು ಏರಿದ್ದವು. ಸೊಪ್ಪಿನ ಸಾರವನ್ನೂ ಕುಡಿದವುಗಳಲ್ಲಿ ತೀರಾ ಕಡಿಮೆಯಿದ್ದವು. ಬಿಳಿ ಕೋಟನ್ನೂ ಬಿಚ್ಚದೆ ನಯನಾ ಬಸ್ಸು ಹತ್ತಿ ಬಂದವಳು ಯಲ್ಲಮ್ಮನ ತೋಟದ ಬದುವಿನಿಂದಲೇ ಕೂಗಿದಳು: "ಯಲ್ಲಮ್ಮಾ, ಇಳೀತು! ಇಳೀತು!"

"ಏನಿಳೀತು? ಬಸ್ಸಿಂದ ಕೋಳಿಯಾ?"

ವಿಷಯ ತಿಳಿದ ಮೇಲೆ ಇಬ್ಬರೂ ಕೈ ಹಿಡಿದು ಸಾಲುಗಳ ನಡುವೆ ಗಿರಗಿರನೆ ತಿರುಗಿ, ಕೆಸರಿಗೆ ಬಿದ್ದು, ಬಿದ್ದಲ್ಲೇ ಕೂತು ಮತ್ತೆ ನಕ್ಕರು. ಬಿಳಿ ಕೋಟಿನ ಬಣ್ಣ ಹೋಯಿತು.

ಸುದ್ದಿ ಟೀ ಅಂಗಡಿಗೆ ಹೋಗಿ ಬೆಳೆದು ವಾಪಸು ಬಂತು. "ಹಂಗಾರೆ ಸೊಪ್ಪು ಕುಡ್ಕೊಂಡು ಎಷ್ಟು ಮಾತ್ರೆ ಬೇಕಾದ್ರೂ ನುಂಗ್ಬೋದು ಅನ್ನು" ಅಂದ ಪಕ್ಕದ ಮನೆಯವನು.

"ನೀನೇನ್ ಇಲಿಯಾ? ಮನುಷ್ಯರ ಮ್ಯಾಲೆ ಯಾರೂ ನೋಡಿಲ್ಲ. ಡಾಕ್ಟ್ರು ಹೇಳ್ದಷ್ಟು ನುಂಗು" ಎಂದಳು ಯಲ್ಲಮ್ಮ.

ವಾರ ಕಳೆದು ನಯನಾಳ ಮೇಷ್ಟ್ರು ಮುನಿಕೃಷ್ಣ ಖುದ್ದಾಗಿ ಬಂದರು. "ನಮ್ಮ ಹುಡುಗ್ರಿಗೂ ಗಿಡ ಗುರುತಿಸೋದು ಕಲಿಸಿಕೊಡಿ ಅಮ್ಮ."

"ನಂಗೆ ರುಜು ಹಾಕಕ್ಕೂ ಬರಲ್ಲ ಸ್ವಾಮಿ."

"ರುಜು ಬೇಡ, ಸೊಪ್ಪು ತೋರ್ಸಿ ಸಾಕು."

ಶನಿವಾರ ಮೂವತ್ತು ಬಿಳಿ ಕೋಟುಗಳು ತೋಟಕ್ಕೆ ಇಳಿದವು. ಯಲ್ಲಮ್ಮ ಒಬ್ಬೊಬ್ಬರನ್ನು ಒಂದೊಂದು ಸಾಲಿಗೆ ನಿಲ್ಲಿಸಿ, "ನೆಲನೆಲ್ಲಿ ಬುಟ್ಟಿಗೆ, ಮಿಕ್ಕಿದ್ದೆಲ್ಲ ಬದುವಿಗೆ" ಎಂದು ಹೇಳಿಕೊಟ್ಟಳು. ಮಧ್ಯಾಹ್ನದೊಳಗೆ ಎಲ್ಲರಿಗೂ ನೆಲನೆಲ್ಲಿಯ ಗುರುತು ಸಿಕ್ಕಿತು. ತೋಟದಲ್ಲಿ ಒಂದು ಕಳೆಯೂ ಉಳಿದಿರಲಿಲ್ಲ.

ಮುನಿಕೃಷ್ಣ ಅತ್ತಿತ್ತ ನೋಡಿ ನಿಧಾನಕ್ಕೆ ಕೇಳಿದರು: "ಅಮ್ಮಾ, ಇದು ಪಾಠಾನಾ, ಕೂಲಿನಾ?"

"ಊಟಕ್ಕೆ ಏಳಿ ಸ್ವಾಮಿ, ಮುದ್ದೆ ಆರೋಯ್ತದೆ" ಎಂದಳು ಯಲ್ಲಮ್ಮ. ಹುಡುಗರು ಆಗಲೇ ಕೈ ತೊಳೆದು, ಮುಂದಿನ ಶನಿವಾರವೂ ಬರುವುದೆಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.