ಕಾರ್ಡಿನ ತಲೆಯ ಮೇಲಿನ ಡಿಯರ್

ಕುರುಗೋಡಿಗೆ ಸೊಸೆಯಾಗಿ ಬಂದಾಗ ನನಗೆ ಗೊತ್ತಿದ್ದ ಇಂಗ್ಲಿಷ್ ಬೆರಳೆಣಿಕೆಯಷ್ಟು. ಸಿರುಗುಪ್ಪದ ತವರಿನಲ್ಲಿ ಅಣ್ಣ ಓದುವಾಗ ಪಕ್ಕದಲ್ಲಿ ಕೂತು ಕಲಿತದ್ದು. ಅದರಲ್ಲಿ 'ಡಿಯರ್' ಒಂದು. "ಅಂದ್ರ ಪ್ರೀತಿಯ ಅಂತ. ಕಾಗದ ಬರಿಯೂವಾಗ ತಲಿಮ್ಯಾಲೆ ಹಾಕಬೇಕು," ಎಂದಿದ್ದ ಅಣ್ಣ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಒಲೆಯ ಬೂದಿಯ ಮೇಲೆ ಬೆರಳಿನಿಂದ ಬರೆದು ಬರೆದು ಕೈಗೆ ರೂಢಿಯಾಗಿತ್ತು.

ನಮ್ಮ ಯಜಮಾನರು ಬಳ್ಳಾರಿಯ ಹತ್ತಿ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿ ಮನೆ ಸಿಗುವವರೆಗೆ ನಾನು ಅತ್ತೆ ಮಾವನ ಜೊತೆ ಊರಿನಲ್ಲೇ. ಹದಿನೈದು ದಿನಕ್ಕೊಂದು ಅಂಚೆ ಕಾರ್ಡು ಅವರಿಗೆ ಹೋಗುತ್ತಿತ್ತು. ಅತ್ತೆ ಹೇಳಬೇಕು, ನಾನು ಬರೆಯಬೇಕು, ವಿಳಾಸ ಮಾತ್ರ ಮಾವನದು, ಏಕೆಂದರೆ ನಾನು ಗಂಡನ ಹೆಸರು ಬರೆಯುವಂತಿರಲಿಲ್ಲ. ಡಬ್ಬಿಗೆ ಹಾಕುವ ಮುಂಚೆ ಮಾವ ಅದನ್ನು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಎಮ್ಮೆ ಕರು ಹಾಕಿದ್ದು, ಜೋಳ ತೆನೆ ಹಿಡಿದದ್ದು ಎಲ್ಲ ಅದರಲ್ಲಿರುತ್ತಿತ್ತು, ನಾನೊಬ್ಬಳು ಇರುತ್ತಿರಲಿಲ್ಲ. ನಿಮ್ಮ ನೆನಪಾಗುತ್ತದೆ ಎಂದು ಬರೆದಿದ್ದರೆ ಅದನ್ನೂ ಓಣಿಗೆಲ್ಲ ಕೇಳುವ ಹಾಗೆ ಓದಿಬಿಡುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಕಾರ್ಡಿನ ತಲೆಗೆ ಆ ನಾಲ್ಕಕ್ಷರ ಬರೆದೆ.

"ಇದೇನವ್ವಾ?" ಎಂದರು ಮಾವ.

"ಇಂಗ್ಲೀಷಿನಾಗ ಕಾಗದ ಹಿಂಗ ಶುರು ಮಾಡ್ತಾರ್ರಿ."

ಸುಳ್ಳೇನಲ್ಲವಲ್ಲ! ಸೊಸೆಗೆ ಇಂಗ್ಲಿಷ್ ಬರುತ್ತದೆಂದು ಅವರು ಕಟ್ಟೆಯ ಮೇಲೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಪ್ರತಿ ಕಾರ್ಡಿಗೂ ಬರೆದೆ. ಉತ್ತರ ಬಂದಾಗಲೆಲ್ಲ, ಮಾವ ಓದಿ ಗೂಡಿನಲ್ಲಿಟ್ಟ ಮೇಲೆ, ತೆಗೆದು ಅದರಲ್ಲೂ ಆ ನಾಲ್ಕಕ್ಷರ ಇದೆಯೇ ಎಂದು ಹುಡುಕುತ್ತಿದ್ದೆ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರದಿಂದ ಹಿಡಿದು ಎಮ್ಮೆಯ ಯೋಗಕ್ಷೇಮದವರೆಗೆ ಯಜಮಾನರು ಎಲ್ಲ ಬರೆದಿರುತ್ತಿದ್ದರು, ಅದೊಂದನ್ನು ಬಿಟ್ಟು. ಆ ಎಮ್ಮೆಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಯುಗಾದಿಗೆ ಯಜಮಾನರು ಊರಿಗೆ ಬಂದರು. ಹಿತ್ತಲಲ್ಲಿ ಕೈಗೆ ನೀರು ಹಾಕುವಾಗ ಮೆಲ್ಲಗೆ ಹೇಳಿದರು: "ಇನ್ನ ಮ್ಯಾಲೆ ಆ ಇಂಗ್ಲೀಷ್ ಬರೀಬ್ಯಾಡ. ಕಾರ್ಡು ಕಚೇರಿಗೆ ಬರ್ತಾವು. ನನ್ನ ಕೈಗೆ ಮುಟ್ಟೂದರಾಗ ಎಲ್ಲಾರೂ ಓದಿರ್ತಾರ. ಈಗ ಜವಾನ ಸೈತ ನನಗ ಡಿಯರ್ ಅಂತಾನ."

ನಮ್ಮ ಮನೆಯಲ್ಲಿ ಯಾರಿಗೂ ಓದಲು ಬಾರದ್ದನ್ನು ಹುಡುಕಿ ಹುಡುಕಿ, ಅದನ್ನೇ ಓದಬಲ್ಲವರ ನಡುವೆ ಕಳಿಸಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ, ಆದರೂ ಆಸೆ ಕೇಳಬೇಕಲ್ಲ.

"ನಾ ಬರಿಯಂಗಿಲ್ಲ. ನೀವು ಬರೀರಿ. ಇಲ್ಲಿ ಯಾರಿಗೂ ತಿಳಿಯಂಗಿಲ್ಲ," ಎಂದೆ.

"ನೋಡೂಣು," ಎಂದು ನಕ್ಕರು.

ಆ ಒಂದು ಮಾತು ನಂಬಿಕೊಂಡು ಎರಡು ವರ್ಷ ಕಾದೆ. ಅಂಚೆಯವನ ದನಿ ಕೇಳಿದರೆ ಸಾಕು, ರೊಟ್ಟಿ ಹೆಂಚಿನ ಮೇಲೆಯೇ ಸೀದುಹೋಗುತ್ತಿತ್ತು. ಎಷ್ಟೋ ಕಾರ್ಡು ಬಂದವು. ಒಂದರಲ್ಲೂ ಇರಲಿಲ್ಲ.

ಕೊನೆಗೆ ಬಳ್ಳಾರಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು, ನನ್ನನ್ನು ಕರೆದುಕೊಂಡು ಹೋದರು. ಗಿರಣಿಯಲ್ಲಿ ಕೆಲಸ ಹೆಚ್ಚಾದಾಗ ಪತ್ರಗಳನ್ನು ಮನೆಗೆ ತಂದು ಬರೆಯುತ್ತಿದ್ದರು. ಒಂದು ಭಾನುವಾರ ಮಜ್ಜಿಗೆ ಕೊಡಲು ಹೋದವಳು, ಮಸಿ ಆರಲೆಂದು ಚಾಪೆಯ ಮೇಲೆ ಹರವಿದ್ದ ಹಾಳೆಗಳನ್ನು ನೋಡಿದೆ. ಒಂದೊಂದರ ತಲೆಯ ಮೇಲೂ ಅದೇ ನಾಲ್ಕಕ್ಷರ, ಅವರ ದುಂಡನೆಯ ಕೈಬರಹದಲ್ಲಿ.

"ಇವೆಲ್ಲಾ ಯಾರಿಗ್ರಿ?"

"ಮದ್ರಾಸಿನ ವ್ಯಾಪಾರಸ್ಥರಿಗೆ. ಅವರ ಮಾರಿ ನಾ ಎಲ್ಲಿ ನೋಡೀನಿ!"

ಲೋಟ ಇಟ್ಟು ಒಳಗೆ ಬಂದೆ. ಮುಖ ನೋಡದವರಿಗೆಲ್ಲ ಬರೆದಿದ್ದರು. ನನಗೂ ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಈಗ ಒಂದೇ ಸೂರಿನ ಕೆಳಗಿದ್ದೆವು. ಅವರು ನನಗೆ ಕಾಗದ ಬರೆಯುವ ಪ್ರಸಂಗವೇ ಇನ್ನು ಬರುವಂತಿರಲಿಲ್ಲ.