ಬೆಂಚಿನ ಮೇಲಿಂದ ಕಂಡ ಸಿಂಗಪುರ

ಬೆಳಗ್ಗೆ ಕಣ್ಣು ಬಿಡುವ ಮುಂಚೆ ನಾನು ಮಾಡುವ ಮೊದಲ ಕೆಲಸವೆಂದರೆ ಹೊದಿಕೆಯೊಳಗೇ ಮುಷ್ಟಿ ಕಟ್ಟಿ ನೋಡುವುದು. ಬೆರಳುಗಳು ಅಂಗೈಯನ್ನು ಮುಟ್ಟಿದರೆ ಅವತ್ತು ಚಪಾತಿ, ಅರ್ಧದಲ್ಲೇ ನಿಂತರೆ ಉಪ್ಪಿಟ್ಟು. ನಮ್ಮ ಮನೆಯ ತಿಂಡಿಯನ್ನು ತೀರ್ಮಾನಿಸುವವಳು ನಾನಲ್ಲ, ನನ್ನ ಕೀಲುಗಳು. ಸಂಧಿವಾತವೆಂಬ ಈ ನೆಂಟ ನನ್ನ ಮಗಳು ಹುಟ್ಟಿದ ಮೂರನೆಯ ತಿಂಗಳಿಗೆ ಮನೆಗೆ ಬಂದದ್ದು. ಬಂದವರು ಮೂರು ದಿನಕ್ಕೆ ಹೊರಡಬೇಕೆಂಬ ಲೋಕರೂಢಿ ಅದಕ್ಕೆ ಯಾರೂ ಹೇಳಿಕೊಟ್ಟಂತಿಲ್ಲ.

ಗುಬ್ಬಿಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಹೇಳುತ್ತೇನೆ. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ನನ್ನ ಕೋಲಿನ ತುದಿ ಸುತ್ತಿದಷ್ಟು ದೇಶಗಳನ್ನು ಯಾವ ವಿಮಾನವೂ ಸುತ್ತಿರಲಾರದು. ಕೋಲು ಹಿಡಿದವಳು ಮಾತ್ರ ತಿರುಪತಿಯಿಂದಾಚೆಗೆ ಕಾಲಿಟ್ಟವಳಲ್ಲ. ಒಂದಾದರೂ ದೇಶವನ್ನು ಕಣ್ಣಾರೆ ನೋಡಬೇಕೆಂದು ಹೇಳಿದಾಗಲೆಲ್ಲ, ಶಿರಾ ಗೇಟಿನ ಹತ್ತಿರ ಬಣ್ಣದ ಅಂಗಡಿ ಇಟ್ಟಿರುವ ನನ್ನ ಯಜಮಾನರದು ಒಂದೇ ಉತ್ತರ: “ವಾಸಿಯಾಗ್ಲಿ ಬಿಡು, ಆಮೇಲ್ ಹೋಗೋಣ.” ಹೀಗೇ ನಾಲ್ಕು ವರ್ಷ ಕಳೆಯಿತು. ಕೊನೆಗೊಂದು ದಿನ ತುಮಕೂರಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದು ಹೋಗೋ ಕಾಯಿಲೆ ಅಲ್ಲಮ್ಮ, ಜೊತೇಲಿ ಇಟ್ಕೊಂಡೇ ಓಡಾಡೋದ್ ಕಲೀಬೇಕು” ಎಂದರು. ಎಲ್ಲರೂ ಅಳುವಂಥ ಮಾತಿಗೆ ನನಗೆ ಯಾಕೋ ಹಗುರವೆನಿಸಿತು. ಆಸ್ಪತ್ರೆಯ ಮೆಟ್ಟಿಲಿನ ಮೇಲೇ ಯಜಮಾನರಿಗೆ ಹೇಳಿದೆ: “ಹಾಗಾದ್ರೆ ಅದನ್ನೂ ಕರ್ಕೊಂಡೇ ಹೋಗೋಣ ಕಣ್ರೀ. ಅದಕ್ಕೇನ್ ಬೇರೆ ಟಿಕೆಟ್ ತಗೋಬೇಕಾ?”

ನಿಮ್ಮಿಂದ ಮುಚ್ಚಿಡುವುದೇಕೆ, ದೇಶ ನೋಡುವ ಆಸೆಯ ಹಿಂದೆ ಇನ್ನೊಂದು ಆಸೆಯೂ ಅಡಗಿತ್ತು. ಮಗ ಹರ್ಷನನ್ನು ಎರಡು ವರ್ಷ ಸೊಂಟದಿಂದ ಇಳಿಸದೆ ಬೆಳೆಸಿದವಳು ನಾನು. ನಾಲ್ಕು ವರ್ಷದ ಮಗಳು ಚಿನ್ನುವನ್ನು, ಮೊದಲ ಮೂರು ತಿಂಗಳು ಬಿಟ್ಟರೆ, ಎತ್ತಿಕೊಂಡ ನೆನಪು ಮಾತ್ರ ನನ್ನ ತೋಳುಗಳಿಗೆ ಇಲ್ಲವೇ ಇಲ್ಲ. ಅವಳು ಬೆಳೆದದ್ದು ನಮ್ಮತ್ತೆಯ ಕಂಕುಳಲ್ಲಿ. ಬಿದ್ದರೂ ಅಜ್ಜಿ, ಎದ್ದರೂ ಅಜ್ಜಿ. ನನ್ನ ಹತ್ತಿರ ಬಂದಾಗ ನೆಂಟರ ಮನೆಯ ಮಗುವಿನಂತೆ ಪಕ್ಕದಲ್ಲಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ಅಷ್ಟೇ. “ಒಂದು ದಿನವೂ ಹಟ ಮಾಡಲ್ಲ, ಚಿನ್ನದಂಥ ಮಗು” ಎಂದು ನಾನೂ ಊರವರ ಮುಂದೆ ಹೊಗಳಿಕೊಂಡು ತಿರುಗುತ್ತಿದ್ದೆ. ಅಜ್ಜಿಯಿಲ್ಲದ ಐದು ದಿನ ಸಿಕ್ಕರೆ ಈ ಹುಡುಗಿ ನನ್ನ ಮಗಳಾದಾಳೇನೋ ಎಂಬುದೇ ನನ್ನ ಒಳಗಿನ ಲೆಕ್ಕಾಚಾರ.

ಅತ್ತೆಯನ್ನು ಊರಲ್ಲೇ ಬಿಟ್ಟು ನಾವು ನಾಲ್ವರು ಹೊರಟದ್ದು ಸಿಂಗಪುರಕ್ಕೆ. ಅದು ನಮ್ಮ ಶಾಲೆಯ ಭೂಪಟದಲ್ಲಿ ಕೋಲಿನ ತುದಿಯಡಿ ಮುಚ್ಚಿಹೋಗುವಷ್ಟು ಪುಟ್ಟ ಚುಕ್ಕಿ. ಆದರೆ ಊದಿಕೊಂಡ ಮಂಡಿಯಲ್ಲಿ ನಡೆದು ನೋಡಿ, ಅದಕ್ಕಿಂತ ದೊಡ್ಡ ದೇಶ ಭೂಮಿಯ ಮೇಲಿಲ್ಲ. ಮೊದಲ ದಿನವೇ ನನಗೆ ಅರ್ಥವಾದದ್ದು, ಯಜಮಾನರ ಕೈಯಲ್ಲಿದ್ದ ನಕಾಶೆಯೇ ಬೇರೆ, ನನ್ನ ನಕಾಶೆಯೇ ಬೇರೆ ಎಂದು. ಅವರದರಲ್ಲಿ ಗೋಪುರಗಳು, ಕಾರಂಜಿಗಳು, ಹೂದೋಟಗಳು. ನನ್ನದರಲ್ಲಿ ಬರೀ ಬೆಂಚುಗಳು. ಯಾವುದಕ್ಕೆ ಬೆನ್ನೊರಗಲು ಹಲಗೆಯಿದೆ, ಯಾವುದಕ್ಕೆ ನೆರಳಿದೆ, ಯಾವುದರಿಂದ ಏಳುವಾಗ ಹಿಡಿದುಕೊಳ್ಳಲು ಕೈಯಿದೆ ಎಂಬುದನ್ನು ನಾನು ಇನ್ಸ್‌ಪೆಕ್ಷನ್‌ಗೆ ಬಂದ ಅಧಿಕಾರಿಯಂತೆ ಪರೀಕ್ಷಿಸುತ್ತಿದ್ದೆ. ಊರ್ಡಿಗೆರೆಯ ಕಡೆ ಹಳೆಯ ದಾರಿಗಳಲ್ಲಿ ಹೊರೆಗಲ್ಲುಗಳಿದ್ದವು, ನೀವೂ ನೋಡಿರಬಹುದು: ಎರಡು ಕಂಬದ ಮೇಲೊಂದು ಅಡ್ಡಗಲ್ಲು, ತಲೆಹೊರೆಯವರು ಯಾರ ಸಹಾಯವನ್ನೂ ಬೇಡದೆ ಭಾರವಿಳಿಸಿ, ದಣಿವಾರಿದ ಮೇಲೆ ಮತ್ತೆ ತಲೆಗೇರಿಸಿಕೊಳ್ಳುವಷ್ಟೇ ಎತ್ತರ. ಅದನ್ನು ನೆಡಿಸಿದ ಪುಣ್ಯಾತ್ಮನಿಗೆ ಯಾರು ಯಾವ ಹೊರೆ ಹೊತ್ತು ಬರುತ್ತಾರೋ ತಿಳಿದಿರಲಿಲ್ಲ. ಬರುತ್ತಾರೆ ಎಂಬುದಷ್ಟೇ ತಿಳಿದಿತ್ತು. ಒಂದು ಊರು ದಣಿದವರ ಬಗ್ಗೆ ಏನು ಯೋಚಿಸುತ್ತದೆ ಎಂದು ತಿಳಿಯಬೇಕಾದರೆ ಅದರ ಗೋಪುರವನ್ನಲ್ಲ, ಬೆಂಚನ್ನು ನೋಡಬೇಕು ಎಂದು ನನಗೀಗಲೂ ಅನ್ನಿಸುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನ ವಿಷಯವನ್ನು ಇಲ್ಲಿ ಎತ್ತುವುದು ಬೇಡ.

ನಾನು ಕೂತಲ್ಲಿಗೆ ದೇಶವನ್ನು ಹೊತ್ತು ತರುವ ಕೆಲಸ ಏಳು ವರ್ಷದ ಹರ್ಷನದು. ಓಡಿಹೋಗಿ ನೋಡಿ, ಓಡಿಬಂದು ವರದಿ ಒಪ್ಪಿಸುತ್ತಿದ್ದ. “ಅಮ್ಮಾ, ಒಂದ್ ಮೀನು ಐತೆ, ನಮ್ ಸ್ಕೂಲ್ ವ್ಯಾನ್ ಅಷ್ಟ್ ಐತೆ! ಬಾಯ್ ತೆಗುದ್ರೆ ಅಪ್ಪ ಒಳಗೇ ಹೋಗ್ತಾರೆ!” ಆ ಮೀನನ್ನು ಆಮೇಲೆ ನಾನೂ ನಿಧಾನವಾಗಿ ಹೋಗಿ ನೋಡಿದೆ, ವರದಿಯ ಮುಂದೆ ಮೀನು ಸಪ್ಪೆ. ಚಿನ್ನು ಮಾತ್ರ ಎಂದಿನಂತೆ ನನ್ನ ಪಕ್ಕ ಕೂತು ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದಳು.

ಮೂರನೆಯ ದಿನ ಹೂದೋಟವೊಂದರಲ್ಲಿ ಯಜಮಾನರು ಹರ್ಷನನ್ನು ಕರೆದುಕೊಂಡು ನೀರು ತರಲು ಹೋಗಿದ್ದರು. ನಡೆದು ನಡೆದು ಚಿನ್ನುವಿನ ಮುಖ ಬಾಡಿತ್ತು. ನನ್ನನ್ನೊಮ್ಮೆ ನೋಡಿದಳು, ಎದ್ದು ನಿಂತಳು, ಹತ್ತು ಹೆಜ್ಜೆಯಾಚೆಗಿನ ಬೆಂಚಿಗೆ ನೆಟ್ಟಗೆ ನಡೆದಳು. ಅಲ್ಲಿ ತರಕಾರಿ ಚೀಲ ಪಕ್ಕಕ್ಕಿಟ್ಟುಕೊಂಡು ನರೆಗೂದಲಿನ ಚೀನೀ ಮುದುಕಿಯೊಬ್ಬರು ಕೂತಿದ್ದರು. ನನ್ನ ಮಗಳು ಅವರ ಮುಂದೆ ನಿಂತು, ಎರಡೂ ಕೈ ಮೇಲಕ್ಕೆತ್ತಿ, ಅಚ್ಚ ಗುಬ್ಬಿ ಕನ್ನಡದಲ್ಲಿ ಹೇಳಿದಳು: “ಅಜ್ಜಿ, ಎತ್ಕೊ.”

ಆ ತಾಯಿಗೆ ಅನುವಾದ ಬೇಕಾಗಲಿಲ್ಲ. ನಕ್ಕು, ಬಾಚಿ ಎತ್ತಿ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದರು. ನೋಡಿದವರು ಎಷ್ಟು ಚೆಂದ ಎಂದಾರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನನ್ನು ಕೇಳದ್ದನ್ನು ಹೆಸರೂ ಗೊತ್ತಿಲ್ಲದವರ ಹತ್ತಿರ ಕೇಳಿದಳಲ್ಲ! ಹೇಗೋ ಎದ್ದು ಹೋಗಿ, ಕೈಮುಗಿದು, ಮಗುವಿನ ಕೈಹಿಡಿದು ನಮ್ಮ ಬೆಂಚಿಗೆ ಕರೆತಂದೆ.

“ಅವ್ರನ್ನ ಯಾಕೆ ಕೇಳ್ದೆ? ನಾನ್ ಇರ್ಲಿಲ್ವಾ?”

“ನಿನ್ನ ಕೇಳ್ಬಾರ್ದಲ್ವಾ.”

“ಯಾರ್ ಹೇಳಿದ್ದು?”

“ಅಜ್ಜಿ. ‘ಅಮ್ಮುಂಗೆ ಕೈ ನೋವು, ಎತ್ಕೊ ಅಂತ ಕೇಳ್ಬ್ಯಾಡ ಕಣೇ ಮಗಾ, ನನ್ ತಾವ್ ಬಾ’ ಅಂದೈತೆ.”

ಅತ್ತೆಯದು ತಪ್ಪೆನ್ನಲೇ? ನನ್ನ ಮೇಲಿನ ಕರುಣೆಯಿಂದಲೇ ಆ ಕಟ್ಟಳೆ ಹುಟ್ಟಿದ್ದು, ಮಗು ಅದನ್ನು ಪಾಲಿಸಿದ್ದೂ ಪ್ರೀತಿಯಿಂದಲೇ. ಇಬ್ಬರ ಪ್ರೀತಿಯ ನಡುವೆ ನಾನೊಬ್ಬಳು ಹೊರಗುಳಿದೆ. ತರಗತಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಗಲಾಟೆ ಮಾಡುವ ಮಕ್ಕಳಲ್ಲ, ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡು ಕೂರುವ ಮಕ್ಕಳು. ಅಂಥದೊಂದು ಮಗು ನನ್ನ ಮನೆಯಲ್ಲೇ ಬೆಳೆಯುತ್ತಿತ್ತು, ನಾನು ಅದನ್ನು ಒಳ್ಳೆಯ ನಡತೆಯೆಂದು ಹೊಗಳಿದ್ದೆ. ನೋವು ನನ್ನಿಂದ ಕಸಿದದ್ದು ಎತ್ತಿಕೊಳ್ಳುವ ಶಕ್ತಿಯನ್ನು ಮಾತ್ರ ಎಂದುಕೊಂಡಿದ್ದೆ. ಆಗುವುದಿಲ್ಲ ಎನ್ನುವ ಹಕ್ಕನ್ನೂ ಬೇರೆಯವರು ನನ್ನ ಪರವಾಗಿ ಆಗಲೇ ಚಲಾಯಿಸಿಬಿಟ್ಟಿದ್ದರು.

“ಚಿನ್ನು, ಇನ್ಮೇಲೆ ನನ್ನನ್ನೂ ಕೇಳು. ಕೈಲಾದ್ರೆ ಎತ್ಕೋತೀನಿ, ಆಗ್ದಿದ್ರೆ ಆಗಲ್ಲ ಅಂತೀನಿ.”

ಅವಳು ನನ್ನ ಸೆರಗಿನ ತುದಿಯನ್ನು ಬೆರಳಿಗೊಂದು ಸುತ್ತು ಸುತ್ತಿದಳು. “ಆಗಲ್ಲ ಅಂದ್ರೆ ಅಳ್ಬೋದಾ?”

“ಅಳ್ಬೋದು.”

“ಎತ್ಕೊ.”

ಬೆರಳು ಮಡಿಸಿ ನೋಡಿದೆ. “ಈಗ ಆಗಲ್ಲ ಕಣೇ.”

ಕೂಡಲೇ ಅತ್ತಳು. ಸುಮ್ಮನೆ ಕಣ್ಣೀರಲ್ಲ, ಬಾಯಿ ತೆರೆದು, ನೆಲಕ್ಕೆ ಕಾಲು ಬಡಿದು, ಇಡೀ ಹೂದೋಟ ತಿರುಗಿ ನೋಡುವಂಥ ಅಳು. ನೀರಿನ ಬಾಟಲಿ ಹಿಡಿದು ಓಡಿಬಂದ ಯಜಮಾನರು, “ಏನಾಯ್ತು? ಯಾವತ್ತೂ ಹಿಂಗೆ ಮಾಡ್ದೋಳಲ್ಲ!” ಎಂದು ಗಾಬರಿಯಾದರು. ಏನಿಲ್ಲ, ನನ್ನ ಮೇಲೆ ಹಟ ಮಾಡುತ್ತಿದ್ದಾಳೆ ಎಂದೆ.

ಊರಿಗೆ ಬಂದು ಎರಡು ತಿಂಗಳಾಯಿತು. ಹೊಸ ಕಟ್ಟಳೆಯನ್ನು ಅತ್ತೆ ಗೊಣಗುತ್ತಲೇ ಒಪ್ಪಿದ್ದಾರೆ. ಚಿನ್ನು ದಿನಕ್ಕೆ ನಾಲ್ಕು ಸಲವಾದರೂ ಬಂದು ಕೈಯೆತ್ತಿ ನಿಲ್ಲುತ್ತಾಳೆ. ಮೂರು ಸಲ ಆಗಲ್ಲ ಅನ್ನುತ್ತೇನೆ.